ಓದಲೊಲ್ಲದವರನ್ನು ಓದಿಸಿದ ಗಳಗನಾಥರು

ಈ ಸಲದ ರಾಜ್ಯೋತ್ಸವ ಸಂಚಿಕೆಗೆ ಕನ್ನಡದ ಹಿರಿಯರೊಬ್ಬರ ಜೀವನವನ್ನು ಬರೆದುಕೊಡಬೇಕೆಂದು ಸಂಘದ ಕಾರ್ಯದರ್ಶಿಗಳು ನಮಗೆ ಹೇಳಿ ಎರಡು ತಿಂಗಳಾಯಿತು. ಒಪ್ಪಿಕೊಂಡೆವಾದರೂ ನಮ್ಮ ಯೋಗ್ಯತೆ ನಮಗೆ ತಿಳಿಯದ್ದಲ್ಲ. ನಾವು ಬ್ಯಾಂಕಿನ ಗುಮಾಸ್ತರು, ಕಲಿತದ್ದು ಬಿ.ಕಾಂ.; ಸಾಹಿತ್ಯದ ವಿದ್ಯಾರ್ಥಿಗಳಲ್ಲ. ಅಷ್ಟೇ ಅಲ್ಲ, ವಯಸ್ಸು ಮೂವತ್ತು ದಾಟುವವರೆಗೆ ಒಂದೇ ಒಂದು ಪುಸ್ತಕವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದವರೂ ಅಲ್ಲ. ಅಂಥವರ ಕೈಗೆ ಲೇಖನಿಯನ್ನು ಕೊಟ್ಟುದರ ಹೊಣೆ ಕಾರ್ಯದರ್ಶಿಗಳದು. ಆದರೆ ಯಾರನ್ನು ಕುರಿತು ಬರೆಯಬೇಕೆಂಬುದರಲ್ಲಿ ನಮಗೆ ಒಂದು ನಿಮಿಷವೂ ಸಂದೇಹವಿರಲಿಲ್ಲ. ನಮ್ಮಂಥ ಓದಲೊಲ್ಲದವರಿಗಾಗಿಯೇ ಬಾಳಿದ ಒಬ್ಬ ಮಾಸ್ತರರಿದ್ದರು. ಅವರೇ ಗಳಗನಾಥರು.

ನಮ್ಮ ಕಥೆಯನ್ನು ಮೊದಲು ನಾಲ್ಕು ಮಾತಿನಲ್ಲಿ ಹೇಳಿಬಿಡುತ್ತೇವೆ. ಅದಕ್ಕೂ ಅವರಿಗೂ ಸಂಬಂಧವಿದೆ. ಊರಿನಲ್ಲಿ ನಾವು ಕಾಲೇಜು ಮುಗಿಸಿದ್ದು ಗೈಡುಗಳ ಬಲದಿಂದ. ಪರೀಕ್ಷೆಗೆ ಹದಿನೈದು ದಿನ ಇರುವಾಗ ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆ ತಂದು, ಬರಬಹುದಾದ ಉತ್ತರಗಳನ್ನು ಬಾಯಿಪಾಠ ಮಾಡಿ, ಬರೆದು, ಮರೆತೆವು. ಲೆಕ್ಕ ಬರುತ್ತಿತ್ತಾದ್ದರಿಂದ ಪಾಸಾದೆವು. ನೌಕರಿ ಸಿಕ್ಕಿ, ಮುಂಬಯಿಗೆ ಬಂದು, ನೆರೂಳಿನಲ್ಲಿ ಮನೆ ಮಾಡಿದ ಮೇಲೆ ನಮಗೆ ಓದು ಎಂದರೆ ಕೌಂಟರಿಗೆ ಬಂದ ಚೆಕ್ಕು, ಚಲನ್ ಮತ್ತು ಮೇಲಿನ ಆಫೀಸಿನ ಸುತ್ತೋಲೆ, ಇಷ್ಟೇ. ಸುತ್ತೋಲೆಯನ್ನೂ ಪಕ್ಕದವರು ಓದಿ ಹೇಳಿದರೆ ಸಾಕೆನ್ನುತ್ತಿದ್ದೆವು. ಎರಡು ವರ್ಷದ ಹಿಂದೆ ಬ್ಯಾಂಕಿನವರು ಬರೆಯುವ ಜೆ.ಎ.ಐ.ಐ.ಬಿ. ಪರೀಕ್ಷೆಗೆ ಕುಳಿತೆವು. ಪಾಸಾದರೆ ಸಂಬಳದಲ್ಲಿ ಒಂದು ಹೆಜ್ಜೆ ಏರಿಕೆ. ಮುಂದಿನ ಪರೀಕ್ಷೆಗೂ ದಾರಿ. ಲೆಕ್ಕಪತ್ರದ ವಿಷಯ ಕೈಹಿಡಿಯಿತು. ಆದರೆ ಭಾರತದ ಅರ್ಥವ್ಯವಸ್ಥೆಯ ಪತ್ರಿಕೆಯಲ್ಲಿಯೂ ಇನ್ನೊಂದರಲ್ಲಿಯೂ ನಪಾಸಾದೆವು. ಕಾರಣ ಬೇರೇನೂ ಅಲ್ಲ. ಪಠ್ಯಪುಸ್ತಕ ದಪ್ಪ, ನಮಗೆ ಎರಡು ಪುಟದ ಆಚೆ ಕಣ್ಣು ನಿಲ್ಲದು. ಮೂರನೆಯ ಪುಟಕ್ಕೆ ಬರುವಷ್ಟರಲ್ಲಿ ಮೊದಲನೆಯದು ಮರೆತು, ಕೈ ತಾನಾಗಿಯೇ ಮೊಬೈಲಿನ ಕಡೆಗೆ ಹೋಗುತ್ತಿತ್ತು. ಬೆಳಿಗ್ಗೆ ಐದಕ್ಕೆ ಏಳುವ ಪ್ರತಿಜ್ಞೆ, ಗೋಡೆಗೆ ಅಂಟಿಸಿದ ವೇಳಾಪಟ್ಟಿ, ಹಳದಿ ಬಣ್ಣದ ಪೆನ್ನು ಎಲ್ಲವೂ ಆದವು. ಪೆನ್ನಿನ ಮಸಿ ಮುಗಿಯಿತು, ಓದು ಸಾಗಲಿಲ್ಲ.

ನಮ್ಮ ಸಂಘದ ಪುಸ್ತಕದ ಕಪಾಟನ್ನು ನೋಡಿಕೊಳ್ಳುವ ಹಿರಿಯರನ್ನು ನಾವೆಲ್ಲ ಕಾಕಾ ಎಂದೇ ಕರೆಯುತ್ತೇವೆ. ಒಂದು ಭಾನುವಾರ ಮಗಳನ್ನು ಕನ್ನಡ ಕ್ಲಾಸಿಗೆ ಬಿಡಲು ಹೋದಾಗ ಅವರೆದುರು ನಮ್ಮ ಗೋಳನ್ನು ಹೇಳಿಕೊಂಡೆವು. ಅವರು ಉಪದೇಶ ಮಾಡಲಿಲ್ಲ. ಕಪಾಟಿನಿಂದ ಬೆನ್ನು ಹರಿದ ಒಂದು ಪುಸ್ತಕವನ್ನು ತೆಗೆದು, ಪರೀಕ್ಷೆಯ ಪುಸ್ತಕವನ್ನು ಆರು ತಿಂಗಳು ಮುಚ್ಚಿಡಬೇಕೆಂದೂ, ಇದನ್ನು ರೈಲಿನಲ್ಲಿ ದಿನಕ್ಕೆ ನಾಲ್ಕೇ ಪುಟ ಓದಬೇಕೆಂದೂ, ಐದನೆಯದನ್ನು ಓದಕೂಡದೆಂದೂ ಕಟ್ಟಪ್ಪಣೆ ಮಾಡಿದರು. ಪುಸ್ತಕದ ಹೆಸರು ಕನ್ನಡಿಗರ ಕರ್ಮಕಥೆ. ಬರೆದವರು ಗಳಗನಾಥರು.

ಗಳಗನಾಥ ಎಂಬುದು ಊರಿನ ಹೆಸರು. ಈಗಿನ ಹಾವೇರಿ ಜಿಲ್ಲೆಯಲ್ಲಿ, ವರದಾ ನದಿಯು ತುಂಗಭದ್ರೆಯನ್ನು ಕೂಡುವ ಸ್ಥಳದಲ್ಲಿದೆ. ಚಾಲುಕ್ಯರ ಕಾಲದ ಗಳಗೇಶ್ವರ ದೇವಾಲಯವೊಂದು ಅಲ್ಲಿ ನೀರಿನ ದಂಡೆಯ ಮೇಲೆ ನಿಂತಿದೆ. ಲೇಖಕರ ನಿಜವಾದ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ. ಹುಟ್ಟಿದ್ದು ೧೮೬೯ರ ಜನವರಿ ೫ರಂದು. ಕುಲಕರ್ಣಿ ಎಂದರೆ ಊರಿನ ಲೆಕ್ಕ ಬರೆಯುವವರು. ಆದ್ದರಿಂದ ನಮ್ಮ ಕಸುಬಿನವರೇ ಎಂದು ಸ್ವಲ್ಪ ಸಲಿಗೆ ತೆಗೆದುಕೊಳ್ಳಬಹುದು. ಆದರೆ ಅವರು ಲೆಕ್ಕದ ಕಡೆಗೆ ಹೋಗಲಿಲ್ಲ. ಮುಲ್ಕಿ ಪರೀಕ್ಷೆ ಮುಗಿಸಿ, ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಕಲಿತು, ಕನ್ನಡ ಶಾಲೆಯ ಮಾಸ್ತರರಾದರು. ಇಂಗ್ಲಿಷಿನ ದೊಡ್ಡ ಪದವಿ ಅವರಿಗಿರಲಿಲ್ಲ. ಆಗ ಧಾರವಾಡ ಜಿಲ್ಲೆ ಮುಂಬಯಿ ಇಲಾಖೆಗೆ ಸೇರಿತ್ತು. ಅಂದರೆ, ನಾವು ಇಂದು ಹೊಟ್ಟೆಪಾಡಿಗೆ ಬಂದು ಸೇರಿದ ಈ ಮುಂಬಯಿಯೇ ಅವರ ಊರಿಗೂ ರಾಜಧಾನಿ.

ಅಂದಿನ ಸ್ಥಿತಿಯನ್ನು ಸ್ವಲ್ಪ ನೆನೆಯಬೇಕು. ೧೯೦೧ರ ಜನಗಣತಿಯಲ್ಲಿ ಇಡೀ ಹಿಂದುಸ್ಥಾನದಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಐದಾರು ಮಂದಿ. ಧಾರವಾಡದ ಕಡೆಗಂತೂ ಇನ್ನೊಂದು ತೊಡಕು. ಕಂಪನಿ ಸರಕಾರದ ಮೊದಲ ದಿನಗಳಿಂದ ಅಲ್ಲಿನ ಕಚೇರಿಯಲ್ಲಿಯೂ ಶಾಲೆಯಲ್ಲಿಯೂ ಮರಾಠಿಯೇ ನಡೆದಿತ್ತು. ಡೆಪ್ಯುಟಿ ಚೆನ್ನಬಸಪ್ಪನವರಂಥವರು ಹೆಣಗಿ ಕನ್ನಡ ಶಾಲೆಗಳನ್ನು ತೆರೆಯಿಸಿದರು, ೧೮೯೦ರಲ್ಲಿ ರಾ. ಹ. ದೇಶಪಾಂಡೆಯವರು ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಸ್ಥಾಪಿಸಿದರು. ಶಾಲೆಗಳೇನೋ ಆದವು. ಆದರೆ ಶಾಲೆ ಬಿಟ್ಟ ಮೇಲೆ ಕನ್ನಡದಲ್ಲಿ ಓದುವುದೇನನ್ನು? ಪಠ್ಯಪುಸ್ತಕ ಮುಗಿದರೆ ಮುಂದಿನದು ಜೈಮಿನಿ ಭಾರತ, ಕುಮಾರವ್ಯಾಸ. ಅವನ್ನು ಒಬ್ಬರು ರಾಗವಾಗಿ ಓದುವುದು, ಒಬ್ಬರು ಅರ್ಥ ಹೇಳುವುದು, ಹತ್ತು ಮಂದಿ ಕುಳಿತು ಕೇಳುವುದು. ಇದು ಹಳ್ಳಿಹಳ್ಳಿಯ ರೂಢಿ. ಒಬ್ಬನೇ ಕುಳಿತು, ತುಟಿ ಅಲುಗಿಸದೆ, ಗದ್ಯದ ಪುಸ್ತಕವೊಂದನ್ನು ಸಂತೋಷಕ್ಕಾಗಿ ಓದುವ ಅಭ್ಯಾಸ ಇನ್ನೂ ಹುಟ್ಟಿರಲಿಲ್ಲ. ನಾಲ್ಕು ಅಕ್ಷರ ಹೆಚ್ಚು ಕಲಿತವರು ಕಥೆ ಬೇಕಾದಾಗ ಮರಾಠಿ ಪುಸ್ತಕವನ್ನೇ ತೆರೆಯುತ್ತಿದ್ದರು. ಅವರನ್ನು ದೂರುವುದಕ್ಕೂ ಬರುವಂತಿಲ್ಲ. ಪುಣೆಯಲ್ಲಿ ಹರಿ ನಾರಾಯಣ ಆಪಟೆಯವರಂಥ ಸಮರ್ಥರು ಬರೆಯುತ್ತಿದ್ದರು. ೧೮೯೦ರಲ್ಲಿ ಅವರು ತೆಗೆದ ಕರಮಣೂಕ ವಾರಪತ್ರಿಕೆ ಮನೆಮನೆಯ ಹೆಣ್ಣುಮಕ್ಕಳನ್ನೂ ಓದುವಂತೆ ಮಾಡಿತ್ತು.

ಕುಲಕರ್ಣಿ ಮಾಸ್ತರರು ಇದೆಲ್ಲವನ್ನೂ ಕಂಡವರು. ಹುಡುಗರು ಶಾಲೆಯಲ್ಲಿ ಕಲಿತ ಅಕ್ಷರವನ್ನು ಮನೆಗೆ ಹೋಗಿ ಮರೆಯುವುದು ಮಾಸ್ತರರಿಗಿಂತ ಹೆಚ್ಚು ಯಾರಿಗೆ ಗೊತ್ತು! ಅವರು ಲೇಖನಿ ಹಿಡಿದರು. ೧೮೯೮ರಲ್ಲಿ ಪ್ರಬುದ್ಧ ಪದ್ಮನಯನೆ ಎಂಬ ಅವರ ಮೊದಲ ಕಾದಂಬರಿಗೆ ವಿದ್ಯಾವರ್ಧಕ ಸಂಘದ ಬಹುಮಾನ ಬಂದಿತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಹೆಸರಾದ ಗುಲ್ವಾಡಿ ವೆಂಕಟರಾಯರ ಇಂದಿರಾಬಾಯಿ ಮಂಗಳೂರಿನಲ್ಲಿ ಹೊರಬಿದ್ದದ್ದು ಅದರ ಮರುವರ್ಷ, ೧೮೯೯ರಲ್ಲಿ. ಅತ್ತ ಮೈಸೂರು ಸೀಮೆಯಲ್ಲಿ ಬಿ. ವೆಂಕಟಾಚಾರ್ಯರು ಬಂಗಾಲಿಯ ಬಂಕಿಮಚಂದ್ರರನ್ನು ಕನ್ನಡಕ್ಕೆ ತರುತ್ತಿದ್ದರು. ಇತ್ತ ಗಳಗನಾಥರು ಆಪಟೆಯವರನ್ನು ತರಲು ತೊಡಗಿದರು. ಸಿಂಹಗಡದ ಕಥೆಯನ್ನು ಕಮಲಕುಮಾರಿ ಎಂದು ಕನ್ನಡಿಸಿದರು. ವಿಜಯನಗರದ ಪತನವನ್ನು ಕುರಿತ ಆಪಟೆಯವರ ವಜ್ರಾಘಾತವೇ ನಮ್ಮ ಕೈಗೆ ಕಾಕಾ ಇತ್ತ ಕನ್ನಡಿಗರ ಕರ್ಮಕಥೆ.

ಇಲ್ಲಿ ಒಂದು ಮಾತು. ಮರಾಠಿಯಿಂದ ತಂದದ್ದು ಎಂದು ಕೆಲವರು ಮೂಗು ಮುರಿಯುವುದುಂಟು. ಮಹಾರಾಷ್ಟ್ರದ ಅನ್ನ ಉಣ್ಣುವ ನಮಗೆ ಅದು ಹಿಡಿಸದು. ನೆರೆಮನೆಯಲ್ಲಿ ದೀಪ ಉರಿಯುತ್ತಿದ್ದರೆ ಅದರಿಂದ ನಮ್ಮ ಬತ್ತಿಯನ್ನು ಹೊತ್ತಿಸಿಕೊಳ್ಳುವುದರಲ್ಲಿ ಅವಮಾನವಿಲ್ಲ. ಅಲ್ಲದೆ ಗಳಗನಾಥರು ಶಬ್ದಕ್ಕೆ ಶಬ್ದ ಇಟ್ಟವರಲ್ಲ. ಕಥೆಯನ್ನು ತಮ್ಮ ಜನಕ್ಕೆ ತಿಳಿಯುವ ಮಾತಿನಲ್ಲಿ ಹೊಸದಾಗಿ ಹೇಳಿದರು. ಕಪ್ಪು ಹಲಗೆಯ ಮುಂದೆ ನಿಂತು ದಡ್ಡ ಹುಡುಗನಿಗೂ ತಿಳಿಯುವಂತೆ ಹೇಳಿ ಹೇಳಿ ರೂಢಿಯಾದ ಭಾಷೆ ಅದು. ನಡುವೆ ನಿಂತು ವಾಚಕರನ್ನು ಕರೆದು ಮಾತಾಡುತ್ತಾರೆ. ಹಿಂದಿನ ಪ್ರಕರಣದಲ್ಲಿ ಏನಾಯಿತೆಂದು ನೆನಪು ಮಾಡಿಕೊಡುತ್ತಾರೆ. ಪಂಡಿತರಿಗೆ ಇದು ದೋಷವೆನಿಸಬಹುದು. ನಾಲ್ಕು ಪುಟ ಓದಿ ರೈಲಿಳಿಯುವ ನಮ್ಮಂಥವರಿಗೆ ಅದು ಕೈಹಿಡಿದು ನಡೆಸಿದ ಹಾಗಾಯಿತು. ಉಪದೇಶ ಮಾತ್ರ ಅತಿಯಾಯಿತೆಂಬುದನ್ನು ನಾವೂ ಒಪ್ಪುತ್ತೇವೆ. ಅಂಥ ಕಡೆಗಳಲ್ಲಿ ಒಂದೆರಡು ಪುಟ ಹಾರಿಸಿದ್ದುಂಟು, ಮಾಸ್ತರರು ಕ್ಷಮಿಸಬೇಕು.

ಅವರ ಬಾಳಿನ ಮುಖ್ಯ ಘಟ್ಟವೆಂದರೆ ೧೯೦೭. ಹಾವೇರಿಯ ಹತ್ತಿರ ಅಗಡಿ ಎಂಬ ಗ್ರಾಮವಿದೆ. ಅಲ್ಲಿನ ಆನಂದವನದಲ್ಲಿ ಶೇಷಾಚಲ ಸದ್ಗುರುಗಳು ಇದ್ದರು. ಅವರ ಆಶ್ರಯದಲ್ಲಿ ಸದ್ಬೋಧ ಚಂದ್ರಿಕೆ ಎಂಬ ಮಾಸಪತ್ರಿಕೆ ಹೊರಟಿತು; ಸಂಪಾದಕತ್ವ ಗಳಗನಾಥರದು. ಹೆಸರೇ ಹೇಳುವಂತೆ ಅದು ಒಳ್ಳೆಯ ಬೋಧೆಯ ಪತ್ರಿಕೆ. ಧರ್ಮ, ನೀತಿ, ಭಕ್ತಿ ಇವುಗಳ ಲೇಖನಗಳು. ಆದರೆ ಅದರ ಜೊತೆಗೆ ಕಾದಂಬರಿಯೂ ಕಂತುಕಂತಾಗಿ ಬಂದಿತು. ನಮಗೆ ತೋರುವಂತೆ ಮಾಸ್ತರರ ಜಾಣ್ಮೆಯೆಲ್ಲ ಇಲ್ಲಿದೆ. ಎಂದೂ ಪುಸ್ತಕ ಹಿಡಿಯದವನ ಮುಂದೆ ಐನೂರು ಪುಟದ ಗ್ರಂಥವನ್ನು ಇಟ್ಟರೆ ಅವನು ಕೈಮುಗಿದು ದೂರ ಸರಿಯುತ್ತಾನೆ. ಅದನ್ನೇ ತಿಂಗಳಿಗೆ ಕೆಲವು ಪುಟದಂತೆ ಕೊಟ್ಟರೆ, ಹೇಗೂ ಅಂಚೆಯಲ್ಲಿ ಬಂದಿದೆಯೆಂದು ಬಿಡಿಸಿ ನೋಡುತ್ತಾನೆ. ಕಥೆ ನಡುವೆ ನಿಂತಿರುತ್ತದೆ. ಮುಂದೇನಾಯಿತೆಂಬ ಚಿಂತೆ ಅವನಿಗೆ ಹತ್ತುತ್ತದೆ. ಮುಂದಿನ ತಿಂಗಳು ಅಂಚೆಯವನ ದಾರಿಯನ್ನು ಅವನೇ ಕಾಯುತ್ತಾನೆ. ಓದಬೇಕೆಂದು ಯಾರೂ ಹೇಳಬೇಕಾಗಿಲ್ಲ. ಕಾಕಾ ನಮಗೆ ಐದನೆಯ ಪುಟವನ್ನು ನಿಷೇಧಿಸಿದ್ದರ ಮರ್ಮ ನಮಗೆ ಹೊಳೆದದ್ದು ಇದನ್ನು ತಿಳಿದ ಮೇಲೆಯೇ.

ಚಂದ್ರಿಕೆಯ ಚಂದಾದಾರರು ಸಾವಿರಗಳ ಲೆಕ್ಕಕ್ಕೆ ಏರಿದರು. ಕನ್ನಡದ ಪತ್ರಿಕೆಗಳು ಹುಟ್ಟಿದ ಎರಡು ಮೂರು ವರ್ಷಕ್ಕೆ ಕಣ್ಣುಮುಚ್ಚುತ್ತಿದ್ದ ಆ ದಿನಗಳಲ್ಲಿ ಇದು ಸಣ್ಣ ಸಂಗತಿಯಲ್ಲ. ಮನೆಯೊಂದಕ್ಕೆ ಒಂದು ಪ್ರತಿ ಹೋದರೆ ಅದನ್ನು ಓದುವವರು, ಓದಿಸಿ ಕೇಳುವವರು ಎಷ್ಟೋ ಮಂದಿ. ಜೈಮಿನಿ ಕೇಳುತ್ತಿದ್ದ ಪಡಸಾಲೆಯಲ್ಲಿಯೇ ಈಗ ಕಾದಂಬರಿಯನ್ನೂ ಓದಿ ಹೇಳುವುದಾಯಿತು. ಹಳೆಯ ರೂಢಿಯನ್ನು ಮುರಿಯದೆ ಅದರ ಮೇಲೆಯೇ ಹೊಸದನ್ನು ಕಸಿ ಕಟ್ಟಿದ ಹಾಗೆ.

ಮುಂದೆ ಅವರು ಮಾಸ್ತರಿಕೆಯನ್ನು ಬಿಟ್ಟು ಪತ್ರಿಕೆ, ಗ್ರಂಥಗಳಿಗೇ ನಿಂತರು. ಸದ್ಗುರು ಎಂಬ ಇನ್ನೊಂದು ಮಾಸಪತ್ರಿಕೆಯನ್ನೂ ನಡೆಸಿದರು. ಇಪ್ಪತ್ತಕ್ಕೂ ಹೆಚ್ಚು ಕಾದಂಬರಿಗಳು, ಅದಲ್ಲದೆ ಪುರಾಣಕಥೆ, ಚರಿತ್ರೆ, ಪ್ರಬಂಧಗಳು ಬಂದವು. ೧೯೨೩ರಲ್ಲಿ ಪ್ರಕಟವಾದ ಮಾಧವ ಕರುಣಾ ವಿಲಾಸ ಅವರ ದೊಡ್ಡ ಕೃತಿ. ಇದು ಯಾರ ಅನುವಾದವೂ ಅಲ್ಲ, ಸ್ವಂತದ್ದು. ವಿದ್ಯಾರಣ್ಯರಾದ ಮಾಧವಾಚಾರ್ಯರನ್ನೂ ವಿಜಯನಗರದ ಸ್ಥಾಪನೆಯನ್ನೂ ಕುರಿತದ್ದು. ಆಪಟೆಯವರನ್ನು ಹಿಂಬಾಲಿಸಿ ಸಾಮ್ರಾಜ್ಯ ಬಿದ್ದ ೧೫೬೫ರ ಕಥೆಯನ್ನು ಹೇಳಿದವರು, ಅದು ಎದ್ದ ೧೩೩೬ರ ಕಥೆಯನ್ನು ತಮ್ಮದೇ ಮಾತಿನಲ್ಲಿ ಹೇಳಿದರು. ಹಂಪೆಯ ಹಾಳುಗಳ ನೆರೆಯಲ್ಲೇ ಬಾಳುತ್ತಿದ್ದ ಜನಕ್ಕೆ, ಇಲ್ಲಿ ತಮ್ಮವರದೇ ಒಂದು ರಾಜ್ಯವಿತ್ತೆಂಬುದನ್ನು ಇತಿಹಾಸದ ಪಾಠಕ್ಕಿಂತ ಮೊದಲು ತಿಳಿಸಿದ್ದು ಇಂಥ ಕಾದಂಬರಿಗಳೇ.

ಬರೆಯುವುದು ಒಂದು ಕೆಲಸ. ಮಾರುವುದು ಬೇರೆಯೇ ಕೆಲಸ. ನಾವು ಬ್ಯಾಂಕಿನವರಾದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕೆನಿಸುತ್ತದೆ. ಕಾಗದದವನಿಗೆ ಹಣ ಮೊದಲು, ಅಚ್ಚಿನವನಿಗೆ ಮೊದಲು, ಹೊಲಿಗೆ ರಟ್ಟಿನವನಿಗೆ ಮೊದಲು. ಪುಸ್ತಕ ಮಾರಿದ ಹಣ ಮಾತ್ರ ಆಣೆ ಆಣೆಯಾಗಿ, ವರ್ಷಗಟ್ಟಲೆ ಬರುವಂಥದು. ಅಲ್ಲಿಯವರೆಗೆ ಬಂಡವಾಳವೆಲ್ಲ ಮನೆಯ ಅಟ್ಟದ ಮೇಲೆ ಗಂಟಾಗಿ ಕುಳಿತಿರುತ್ತದೆ. ಅದನ್ನು ಇಲಿಯೂ ತಿನ್ನುತ್ತದೆ, ಬಡ್ಡಿಯೂ ತಿನ್ನುತ್ತದೆ. ಇಂದಿನ ಹಾಗೆ ಅಂಗಡಿಗಳಿಲ್ಲ. ಇದ್ದ ನಾಲ್ಕಾರು ಅಂಗಡಿಗಳು ಪಟ್ಟಣದಲ್ಲಿ. ಅವರ ವಾಚಕರು ಹಳ್ಳಿಯಲ್ಲಿ. ಗಳಗನಾಥರು ಏನು ಮಾಡಿದರು? ಪುಸ್ತಕಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿದರು. ಬರೆದವರೇ ಹೊತ್ತು ತಂದು, ಬಾಗಿಲಲ್ಲಿ ನಿಂತು, ಕೊಳ್ಳಿರೆಂದು ಕೇಳಿದರು. ಯೌವನದ ಹುರುಪಿನಲ್ಲಿ ಒಮ್ಮೆ ಮಾಡಿದ್ದಲ್ಲ ಇದು, ವಯಸ್ಸಾದ ಮೇಲೆಯೂ ನಡೆಯಿತು. ನಾವು ಕ್ಯಾಶ್ ಕೌಂಟರಿನ ಹಿಂದೆ ಫ್ಯಾನಿನ ಕೆಳಗೆ ಕುಳಿತು, ವಿಮೆಯ ಒಂದು ಫಾರಂ ತುಂಬಿರೆಂದು ಗಿರಾಕಿಗೆ ಹೇಳುವುದಕ್ಕೇ ಸಂಕೋಚಪಡುತ್ತೇವೆ. ಆ ಮುದುಕರು ಬಿಸಿಲಿನಲ್ಲಿ ಗಂಟು ಇಳಿಸಿ, ಬಿಚ್ಚಿ, ತಮ್ಮದೇ ಪುಸ್ತಕವನ್ನು ಮಾರುವಾಗ ಎಷ್ಟು ಬಾಗಿಲುಗಳು ಮುಚ್ಚಿರಬಹುದು! ಒಲ್ಲೆನೆಂದವರ ಮನೆಗೇ ಮತ್ತೆ ಹೋಗಿರಲೂ ಬಹುದು. ಓದಲೊಲ್ಲದವರೇ ಅಲ್ಲವೆ ಅವರಿಗೆ ಬೇಕಾದವರು.

ಇಷ್ಟರಿಂದ ಅವರಿಗೆ ಸಿಕ್ಕಿದ್ದೇನು? ಕಾದಂಬರಿ ಪಿತಾಮಹರೆಂಬ ಬಿರುದು ಸಿಕ್ಕಿತು. ಅವರ ಕಾದಂಬರಿಗಳಿಂದಲೂ ವೆಂಕಟಾಚಾರ್ಯರ ಅನುವಾದಗಳಿಂದಲೂ ಓದಿನ ರುಚಿ ಹತ್ತಿಸಿಕೊಂಡ ಹುಡುಗರಲ್ಲಿ ಕೆಲವರು ಮುಂದೆ ತಾವೇ ದೊಡ್ಡ ಲೇಖಕರಾದರು. ಆದರೆ ಮನೆಯ ಬಡತನ ನೀಗಲಿಲ್ಲ. ಕೊನೆಯ ದಿನಗಳು ಕಷ್ಟದಲ್ಲಿಯೇ ಕಳೆದವು. ೧೯೪೨ರ ಏಪ್ರಿಲ್ ೨೨ರಂದು ಅವರು ತೀರಿಕೊಂಡರು. ವಯಸ್ಸು ೭೩. ಅವರು ಸತ್ತ ಹದಿನಾಲ್ಕು ವರ್ಷದ ಮೇಲೆ, ೧೯೫೬ರ ನವೆಂಬರ್ ೧ರಂದು, ಧಾರವಾಡ ಜಿಲ್ಲೆ ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿತು. ಆ ದಿನವನ್ನೇ ನಾವು ಇಲ್ಲಿ, ಖಾಡಿಯ ಈಚೆ, ಬಾಡಿಗೆಯ ಸಭಾಗೃಹದಲ್ಲಿ ಹಬ್ಬ ಮಾಡುತ್ತೇವೆ. ಎಲ್ಲೆಯನ್ನು ಎಳೆಯುವ ಮೊದಲು ಎಲ್ಲೆಯ ಒಳಗಿನವರಿಗೆ ಒಂದೇ ಕಥೆ ಓದಿಸಿದವರ ಹೆಸರು ನಮ್ಮ ಬ್ಯಾನರಿನಲ್ಲಿ ಇದುವರೆಗೆ ಬಂದಿಲ್ಲ. ಕವಿಗಳ ಚಿತ್ರಗಳ ಸಾಲಿನಲ್ಲಿ ಈ ಸಲ ಒಂದು ಚಿತ್ರ ಹೆಚ್ಚಿಗೆ ಹಾಕಬೇಕೆಂದು ಕಾರ್ಯಕಾರಿ ಸಮಿತಿಗೆ ನಮ್ಮ ಬಿನ್ನಹ.

ಇನ್ನು ನಮ್ಮ ವಿಷಯ. ಕರ್ಮಕಥೆಯನ್ನು ಓದತೊಡಗಿದ ಮೊದಲ ವಾರ ನಮಗೆ ನಾಲ್ಕು ಪುಟವೂ ಹೆಚ್ಚೆನಿಸಿತು. ನೆರೂಳಿನಲ್ಲಿ ಹತ್ತಿದರೆ ಜುಯಿನಗರ, ಸಾನಪಾಡಾ, ವಾಶಿ ಬರುವವರೆಗೆ ಒಂದೇ ಪುಟ. ಹಳೆಯ ಅಚ್ಚು, ಹಳೆಯ ಮಾತು, ಮೇಲೆ ಜನದ ನೂಕಾಟ. ಎರಡನೆಯ ವಾರ ಖಾಡಿಯ ಸೇತುವೆ ದಾಟಿದ್ದು ತಿಳಿಯಲಿಲ್ಲ. ಮೂರನೆಯ ವಾರ ಕಾಕಾರ ಅಪ್ಪಣೆಯನ್ನು ಮೀರಿ ಐದನೆಯ ಪುಟವನ್ನು ಓದಿದೆವು. ಆ ದಿನ ಕುರ್ಲಾದಲ್ಲಿ ಇಳಿಯಬೇಕಾದವರು ವಡಾಳೆಯವರೆಗೆ ಹೋಗಿ ಮರಳಿ ಬಂದೆವು. ಬ್ಯಾಂಕಿನಲ್ಲಿ ತಡವಾಯಿತು, ಮಸ್ಟರಿನಲ್ಲಿ ಕೆಂಪು ಗುರುತು ಬಿದ್ದಿತು. ತಪ್ಪು ನಮ್ಮದೇ. ಆದರೆ ಓದಿಗಾಗಿ ಬಿದ್ದ ಕೆಂಪು ಗುರುತು ಬಾಳಿನಲ್ಲಿ ಅದೇ ಮೊದಲನೆಯದಾದ್ದರಿಂದ ಮನೆಯಲ್ಲಿ ಹೇಳಿಕೊಂಡು ನಕ್ಕೆವು.

ಪುಸ್ತಕ ಮುಗಿಯಲು ಐದು ತಿಂಗಳು ಹಿಡಿಯಿತು. ಮುಗಿದ ದಿನ ಪರೀಕ್ಷೆಯ ಪಠ್ಯಪುಸ್ತಕವನ್ನು ತೆರೆದೆವು. ಅದು ಮೊದಲಿನಷ್ಟೇ ದಪ್ಪ, ಮೊದಲಿನಷ್ಟೇ ನೀರಸ. ಅದರಲ್ಲಿ ಗಳಗನಾಥರಿಲ್ಲ, ಮುಂದೇನಾಯಿತೆಂಬ ಕುತೂಹಲವಿಲ್ಲ, ಹಣದುಬ್ಬರಕ್ಕೆ ಮುಂದಾಗುವುದೇನು, ಮತ್ತೆ ಹಣದುಬ್ಬರವೇ. ಆದರೆ ಎರಡು ಪುಟಕ್ಕೆ ನಿಲ್ಲುತ್ತಿದ್ದ ಕಣ್ಣು ಹನ್ನೆರಡು ಪುಟದವರೆಗೆ ನಿಂತಿತು. ಇಷ್ಟನ್ನು ಮಾತ್ರ ನಾವು ಖಂಡಿತವಾಗಿ ಹೇಳಬಲ್ಲೆವು. ಉಳಿದ ಎರಡು ಪತ್ರಿಕೆಗಳನ್ನು ಬರುವ ಮೇ ತಿಂಗಳಿನಲ್ಲಿ ಬರೆಯುವವರಿದ್ದೇವೆ.

ಮಗಳು ಶಾಲೆಯಲ್ಲಿ ಮರಾಠಿಯನ್ನೂ ಇಂಗ್ಲಿಷನ್ನೂ ಓದುತ್ತಾಳೆ. ಕನ್ನಡ ಅಕ್ಷರ ಭಾನುವಾರದ ಕ್ಲಾಸಿನದು, ಕೂಡಿಸಿ ಕೂಡಿಸಿ ಓದುತ್ತಾಳೆ. ಅವಳಿಗೆ ಗಳಗನಾಥರ ಕನ್ನಡ ಸದ್ಯಕ್ಕೆ ಕಠಿಣವೆಂದು ಕಂಡು, ಈಗ ರಾತ್ರಿ ಊಟವಾದ ಮೇಲೆ ಮಾಧವ ಕರುಣಾ ವಿಲಾಸವನ್ನು ನಾವೇ ಗಟ್ಟಿಯಾಗಿ ಓದುತ್ತೇವೆ. ಅವಳೂ ಅವಳ ತಾಯಿಯೂ ಕೇಳುತ್ತಾರೆ. ಉಪದೇಶದ ಕಡೆಗಳಲ್ಲಿ ಅವಳು ಆಕಳಿಸುತ್ತಾಳೆ, ಅಲ್ಲಿ ಹಾರಿಸುತ್ತೇವೆ. ಕಥೆಯ ನಡುವೆ ನಿಲ್ಲಿಸಿದರೆ ಸಿಟ್ಟಾಗುತ್ತಾಳೆ. ಆದ್ದರಿಂದ ಅಲ್ಲಿಯೇ ನಿಲ್ಲಿಸುತ್ತೇವೆ. ಮೊನ್ನೆ ನಾವು ಬ್ಯಾಂಕಿನಿಂದ ಬರುವುದು ತಡವಾದಾಗ ಅವಳೇ ಪುಸ್ತಕ ತೆಗೆದು ಮುಂದಿನ ಅರ್ಧ ಪುಟವನ್ನು ಕೂಡಿಸಿಕೊಂಡು ಓದಿದ್ದಳೆಂದು ಮನೆಯವರು ಹೇಳಿದರು.

ಪುಸ್ತಕ ಸಂಘದ್ದು. ಡಿಸೆಂಬರ್ ತಿಂಗಳ ಮೊದಲ ಭಾನುವಾರ ಮರಳಿಸುತ್ತೇವೆ. ಬೇಕಾದವರು ಕಾಕಾ ಅವರ ಬಳಿ ಮೊದಲೇ ಹೆಸರು ಬರೆಯಿಸಿಟ್ಟಿರಬೇಕು.